ಕಣ್ಣಳತೆಯ ಮೈದಾನ

ಜೂನ್ ೫

ನನ್ನ ಗಾಳಿ ಮೇಡಂಗೆ,

ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಮೋಡ ಎಷ್ಟು ಎತ್ತರದಲ್ಲಿದೆ ಎಂದು ಆ ದ್ವೀಪದಿಂದ ದಿನಾ ರೇಡಿಯೋದಲ್ಲಿ ಲೋಕಕ್ಕೆಲ್ಲ ಸಾರುತ್ತೀಯ. ಕಟ್ಟಿಕೊಂಡ ಗಂಡನಿಗೆ ಒಂದು ಮಾತು ಹೇಳಬೇಕಾದರೆ ಮಾತ್ರ ಹದಿನೈದು ದಿನಕ್ಕೊಮ್ಮೆ ಬರುವ ದೋಣಿಯೇ ಗತಿ. ಒಳ್ಳೆ ಕೆಲಸ ಹಿಡಿದೆ ಬಿಡು!

ದೋಣಿ ಹತ್ತುವಾಗ ನೀನು ಬೆರಳಾಡಿಸಿ ಹೇಳಿದ್ದು ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿದೆ. "ದ್ವೀಪದಲ್ಲಿ ಕೆಲಸ ಮುಗಿದ್ಮೇಲೆ ಈ ಊರಿನ ಆಫೀಸೋ, ನಮ್ಮ ಹಳೇ ಊರಿನ ಆಫೀಸೋ, ನಾನು ಕೇಳಿದ್ದು ಕೊಡ್ತಾರೆ. ಅಷ್ಟರೊಳಗೆ ಮಗು ಇಲ್ಲಿ ಹೊಂದ್ಕೊಂಡಿರಬೇಕು. ಇಲ್ಲ ಅಂದ್ರೆ ಅಂಗಡಿ ಗಿಂಗಡಿ ಎಲ್ಲಾ ಮುಚ್ಚಿ ಗಂಟುಮೂಟೆ ಕಟ್ಟಿ." ಮರೆತಿಲ್ಲ ತಾಯಿ. ಈ ಬೋರ್ಡ್ ಬರೆಯುವ ಅಂಗಡಿಗಾಗಿ ನಿಮ್ಮಿಬ್ಬರನ್ನೂ ಇಲ್ಲಿಗೆ ಎಳೆದುಕೊಂಡು ಬಂದವನು ನಾನೇ. ಬಂದ ದಿನದಿಂದ ನಮ್ಮ ಚಿನಕುರುಳಿಯ ಬಾಯಿಗೆ ಬೀಗ ಬಿದ್ದಿರುವುದು ನನಗೂ ಕಾಣುತ್ತದೆ. ಹಳೇ ಊರಿನಲ್ಲಿ ಗೋಡೆಯ ಜೊತೆಗೂ ಹರಟುತ್ತಿದ್ದವಳು ಇಲ್ಲಿ ಶಾಲೆಯಲ್ಲಿ "ಹೂಂ", "ಊಹೂಂ" ಬಿಟ್ಟರೆ ಮೂರನೇ ಮಾತು ಆಡುವುದಿಲ್ಲವಂತೆ.

ಆದರೆ ಒಳ್ಳೆ ಸುದ್ದಿ ಇದೆ. ಹೋದ ವಾರ ಹಲ್ಲಿನ ಡಾಕ್ಟರಮ್ಮ ಒಬ್ಬರು ತಮ್ಮ ಕ್ಲಿನಿಕ್ಕಿಗೆ ಬೋರ್ಡ್ ಬರೆಸಲು ಬಂದರು. "ದೊಡ್ಡದೊಂದು ಹಲ್ಲು ಬರೀರಿ, ಅದು ನಗ್ತಾ ಇರ್ಬೇಕು" ಎಂದರು. ಹಲ್ಲು ನಗಬೇಕಾದರೆ ಅದಕ್ಕೆ ಮತ್ತೆ ಹಲ್ಲು ಬರೆಯಬೇಕಲ್ಲ ಮೇಡಂ ಎಂದು ಕೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ಸಂಜೆ ಹೊತ್ತು ಮಕ್ಕಳ ಫುಟ್‌ಬಾಲ್ ಕ್ಲಬ್ ನಡೆಸುವವರೂ ಇವರೇ. ನಮ್ಮವಳ ವಯಸ್ಸಿನ ಹೆಣ್ಣುಮಕ್ಕಳ ಒಂದು ತಂಡ ಇದೆಯಂತೆ, ಕರ್ಕೊಂಡ್ ಬನ್ನಿ ಎಂದರು. ಶನಿವಾರ ಅವಳ ಕೈ ಹಿಡಿದುಕೊಂಡು ಹೋದೆ. ಕ್ಲಬ್ಬಿಗೆ ಸೇರಿದ್ದಾಯಿತು! ಮೊದಲ ದಿನವೇ ಮಂಡಿ ತರಚಿತು, ಅಂಗಿ ಕೆಸರಾಯಿತು, ಮನೆಗೆ ಬರುವಾಗ ಖುಷಿಯೋ ಖುಷಿ.

ಬೇಕರಿಯವರ ಮಗಳು ಒಬ್ಬಳಿದ್ದಾಳೆ, ಗೋಲ್‌ಕೀಪರ್. ಎಲ್ಲರೂ ಅವಳನ್ನು ಬನ್ನು ಎಂದೇ ಕರೆಯುತ್ತಾರೆ. ಚೆಂಡನ್ನು ಹಿಡಿಯುವುದಿಲ್ಲ, ಊರಿಂದ ಬಂದ ನೆಂಟರನ್ನು ತಬ್ಬಿಕೊಂಡ ಹಾಗೆ ತಬ್ಬಿಕೊಳ್ಳುತ್ತಾಳೆ. ನೋಡಿದರೆ ಸಾಕು, ಮನಸ್ಸಿಗೆ ಹಾಯೆನಿಸುತ್ತದೆ.

ಒಂದೇ ಒಂದು ಕೊರತೆ. ಮೈದಾನದ ಗೆರೆಗಳನ್ನು ಡಾಕ್ಟರಮ್ಮನೇ ಸುಣ್ಣ ಹಾಕಿ ಎಳೆದಿದ್ದಾರೆ. ಅಬ್ಬಬ್ಬಾ, ಏನು ಸೊಟ್ಟ! ಅವರ ಕೈಗೆ ಹಲ್ಲು ಕೊಟ್ಟವರು ಧೈರ್ಯವಂತರೇ. ಅದನ್ನು ನಾನೇ ಸರಿಮಾಡುತ್ತೇನೆ ಎಂದು ಹೇಳಿ ಬಂದಿದ್ದೇನೆ.

ನಿನ್ನವನು

•

ಜೂನ್ ೨೨

ರೀ,

ನಿಮ್ಮ ಕಾಗದವನ್ನು ಕಡಲ ದಡದಲ್ಲೇ ನಿಂತು ಓದಿದೆ. ಎರಡನೇ ಸಲ ಗಟ್ಟಿಯಾಗಿ ಓದಿದೆ, ನಮ್ಮ ಸ್ಟೇಷನ್ನಿನ ಅಡುಗೆಯವರಿಗಾಗಿ. ಅವರು ಹಿಂದೆ ಯಾವುದೋ ತಂಡದಲ್ಲಿ ಆಡಿದವರಂತೆ. "ಮೊದಲ ದಿನಾನೇ ಮಂಡಿ ತರಚಿಸ್ಕೊಂಡ್ಳಾ? ಹಂಗಾದ್ರೆ ಆಟ ಬರುತ್ತೆ ಬಿಡ್ರಿ" ಎಂದು ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ನಿಮ್ಮ ಕ್ಲಬ್ಬಿಗೆ ಒಂದು ಪಟ್ಟಿಯನ್ನೇ ಬರೆದಿಟ್ಟಿದ್ದಾರೆ, ಸೋಲು ಗೆಲುವು ತುಂಬಲು. ಇಲ್ಲಿ ಇರುವವರು ಐದೇ ಜನ. ಐದೂ ಜನ ಈಗ ನಮ್ಮ ಮಗಳ ಕಡೆಯವರು.

ಅವಳು ಯಾವ ಜಾಗದಲ್ಲಿ ಆಡುತ್ತಾಳೆ? ಮುಂದೆಯೋ ಹಿಂದೆಯೋ? ಆ ಬನ್ನು ಹುಡುಗಿಯ ಜೊತೆ ಮಾತಾಡುತ್ತಾಳಾ? ಯಾರಾದರೂ ಮನೆಗೆ ಬಂದರಾ? ಮಂಡಿಗೆ ಮುಲಾಮು ಹಚ್ಚಿದಿರಾ, ಇಲ್ಲ ನಿಮ್ಮ ಬಣ್ಣ ತೆಗೆಯುವ ಎಣ್ಣೆಯಲ್ಲಿ ಒರೆಸಿಬಿಟ್ಟಿರಾ? ನಿಮ್ಮನ್ನು ನಂಬುವ ಹಾಗಿಲ್ಲ.

ನಿಮಗೆ ಹೇಳಿರಲಿಲ್ಲ, ಈಗ ಹೇಳುತ್ತೇನೆ. ನಾನು ಹೊರಟ ದಿನ ಅವಳು ಅಳಲಿಲ್ಲ, ಹಟ ಮಾಡಲಿಲ್ಲ, ಸುಮ್ಮನೆ ಕೈ ಬೀಸಿದಳು. ಅದಕ್ಕಿಂತ ಜೋರಾಗಿ ಅತ್ತಿದ್ದರೇ ಚೆನ್ನಾಗಿತ್ತು. ಅವಳ ಕೈಲಿ ಎರಡು ಸಾಲು ಬರೆಸಿ ಕಳಿಸಿ.

ನಿಮ್ಮವಳು

•

ಜುಲೈ ೬

ಗಾಳಿ ಮೇಡಂಗೆ,

ಮೊದಲು ಜಂಬದ ಸುದ್ದಿ. ಮೈದಾನದ ಗೆರೆಗಳನ್ನು ಎಳೆದು ಮುಗಿಸಿದೆ. ನೋಡಿದವರೆಲ್ಲ ಬಾಯಿ ಬಿಟ್ಟುಕೊಂಡು ನಿಂತರು. ಡಾಕ್ಟರಮ್ಮನಿಗೆ ಎಲ್ಲರ ಬಾಯಿ ಒಳಗಿನಿಂದ ನೋಡಿ ಅಭ್ಯಾಸ, ಅವತ್ತು ಅವರ ಬಾಯೊಳಗನ್ನೂ ನಾವು ನೋಡಿದೆವು.

ನನ್ನ ಕಸುಬಿನ ಗುಟ್ಟು ನಿನಗೆ ಗೊತ್ತಲ್ಲ. ಎತ್ತರದ ಬೋರ್ಡಿನಲ್ಲಿ ಮೇಲಿನ ಸಾಲನ್ನು ಒಂದಿಷ್ಟು ದೊಡ್ಡದಾಗಿ ಬರೆದರೇ ರಸ್ತೆಯಲ್ಲಿ ನಿಂತವನಿಗೆ ಎಲ್ಲ ಸಾಲೂ ಒಂದೇ ಸಮ ಕಾಣುವುದು. ಅಳೆದು ಬರೆದರೆ ಮೇಲಿನದು ಕುಗ್ಗಿದ ಹಾಗೆ ಕಾಣುತ್ತದೆ. ಇಲ್ಲಿಯೂ ಅದೇ ಮಾಡಿದೆ. ಗೋಲಿನ ಮುಂದೆ ಒಂದು ದೊಡ್ಡ ಚೌಕ ಎಳೆಯಬೇಕು, ಅದಕ್ಕೆ ಬಾಕ್ಸ್ ಎನ್ನುತ್ತಾರೆ. ಗೋಲ್‌ಕೀಪರ್ ಅದರೊಳಗೆ ಇದ್ದಾಗ ಮಾತ್ರ ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಗೆರೆ ದಾಟಿ ಹಿಡಿದರೆ ತಪ್ಪು. ತಂದೆ ತಾಯಿಯರು ನಿಲ್ಲುವ ಶೆಡ್ಡು ಈ ತುದಿಯಲ್ಲಿದೆ. ಅಲ್ಲಿಂದ ನೋಡಿದರೆ ಆ ತುದಿಯ ಬಾಕ್ಸ್ ಪೀಚಲು ಪೀಚಲಾಗಿ ಕಾಣುತ್ತಿತ್ತು. ಶೆಡ್ಡಿಗೂ ಗೆರೆಗೂ ನಡುವೆ ಹತ್ತಾರು ಸಲ ಓಡಾಡಿ, ಕಣ್ಣಿಗೆ ಸಮ ಬರುವತನಕ ತಿದ್ದಿ ತೀಡಿದೆ. ಈಗ ಎರಡೂ ಬಾಕ್ಸು ಅವಳಿಜವಳಿ ಮಕ್ಕಳಿದ್ದ ಹಾಗಿವೆ.

ಆಟ ಮಾತ್ರ ಕೈಕೊಡುತ್ತಿದೆ. ಎರಡು ಪಂದ್ಯ, ಎರಡೂ ಬೇರೆಯವರ ಮೈದಾನದಲ್ಲಿ, ಎರಡರಲ್ಲೂ ಸೋಲು. ಪಾಪ ಬನ್ನು! ಓಡಿ ಬಂದು ಚೆಂಡನ್ನು ಲಬಕ್ಕನೆ ತಬ್ಬಿಕೊಳ್ಳುತ್ತಾಳೆ, ನೋಡಿದರೆ ಗೆರೆಯಿಂದ ಎಷ್ಟೋ ಆಚೆ ಬಂದಿರುತ್ತಾಳೆ. ಸೀಟಿ! ಎದುರಿನವರಿಗೆ ಫ್ರೀ ಕಿಕ್, ಅದರಿಂದ ಗೋಲು. "ಗೆರೆ ನೋಡ್ಕೊಳ್ಳೇ ಬಂಗಾರಿ" ಎಂದು ಡಾಕ್ಟರಮ್ಮ ಹೇಳಿದರೆ, "ಒಳಗೇ ಇದ್ದೆ ಅಂದ್ಕೊಂಡೆ ಆಂಟಿ" ಎನ್ನುತ್ತಾಳೆ. ನಮ್ಮ ಮೈದಾನದಲ್ಲಿ ಅಭ್ಯಾಸ ಮಾಡುವಾಗ ಒಂದು ಸಲವೂ ತಪ್ಪುವುದಿಲ್ಲ. ಈ ಕಡೆಯ ಗೋಲಿನ ಮುಂದೆ ನೀರು ನಿಲ್ಲುವುದರಿಂದ ಯಾವಾಗಲೂ ಆ ತುದಿಯಲ್ಲೇ ಆಡಿಸುತ್ತೇವೆ, ಒಳ್ಳೆ ಜಾಗ. ಆದರೂ ಹೊರಗೆ ಹೋದರೆ ಹೀಗೆ. ಯಾರ ಕಣ್ಣು ತಾಗಿತೋ!

ನೀನು ಕೇಳಿದ ಪ್ರಶ್ನೆಗಳಿಗೆಲ್ಲ ನಿಧಾನವಾಗಿ ಬರೆಯುತ್ತೇನೆ. ಮಂಡಿ ವಾಸಿಯಾಗಿದೆ. ಮಗಳಿಗೆ ಶಾಲೆಯ ಬರಹವೇ ಬೆಟ್ಟದಷ್ಟಿದೆ, ಹಾಗಾಗಿ ಎರಡು ಸಾಲು ಈ ಸಲಕ್ಕಿಲ್ಲ.

ನಿನ್ನವನು

•

ಜುಲೈ ೨೧

ರೀ,

ಟೇಪು ಹಿಡಿಯದೆ ಗೆರೆ ಎಳೆದಿರಾ? ನನ್ನ ಕೆಲಸದಲ್ಲಿ ಹೀಗೆ ಕಣ್ಣಂದಾಜು ಮಾಡಿದರೆ ಹಡಗು ಮುಳುಗುತ್ತದೆ. ಹೋಗಲಿ, ನಿಮ್ಮ ಜಂಬಕ್ಕೆ ಅಡ್ಡ ಬರುವುದಿಲ್ಲ.

ಸೋತಿರಿ ಎಂದು ಅಡುಗೆಯವರು ಆ ದಿನ ಸಾರಿಗೆ ಉಪ್ಪು ಹಾಕುವುದನ್ನೇ ಮರೆತರು. ನನಗೆ ಮಾತ್ರ ಬೇಜಾರಾಗಲಿಲ್ಲ. ಸೋತರೂ ಎರಡನೇ ಪಂದ್ಯಕ್ಕೆ ಹೋದಳಲ್ಲ ನಮ್ಮ ಹುಡುಗಿ! ಜೊತೆಯವರು ಇಲ್ಲದಿದ್ದರೆ ಹೋಗುತ್ತಿದ್ದಳಾ? ಅಷ್ಟು ಸಾಕು ನನಗೆ.

ಈಗ ದೊಡ್ಡ ಸುದ್ದಿ. ಯಾವ ಊರಿನ ಆಫೀಸು ಬೇಕು ಎಂದು ಕೇಳಿ ಹೆಡ್ ಆಫೀಸಿನಿಂದ ಫಾರಂ ಬಂದಿದೆ. ನಿಮ್ಮ ಊರನ್ನೇ ಬರೆದಿದ್ದೇನೆ. ನಮ್ಮ ಊರು ಅನ್ನಲೇ ಇನ್ನು? ನಮ್ಮ ದೊಡ್ಡ ಸಾಹೇಬರ ಸಹಿ ಬೀಳಬೇಕು, ಅವರು ಗುಡ್ಡದ ಮೇಲಿನ ಕಂಬ ರಿಪೇರಿಗೆ ಹೋಗಿದ್ದಾರೆ. ಹಾಗಾಗಿ ಮುಂದಿನ ದೋಣಿಗೆ ಕಳಿಸುತ್ತೇನೆ. ಒಮ್ಮೆ ಹೋಯಿತೆಂದರೆ ಐದು ವರ್ಷ ಬದಲಾಯಿಸುವ ಹಾಗಿಲ್ಲ. ಗೆದ್ದಿರಿ ಕಣ್ರೀ. ನಿಮ್ಮ ಅಂಗಡಿ ಅಲ್ಲೇ ಇರಲಿ, ನಾನೇ ಬಂದು ಬಾಗಿಲಿಗೆ ಹೂವಿನ ಕುಂಡ ಇಡುತ್ತೇನೆ.

ಎಷ್ಟು ನಿರಾಳವಾಗಿದೆ ಗೊತ್ತಾ? ಮಗುವನ್ನು ಬಿಟ್ಟು ಬಂದೆ ಎಂದು ನನಗೆ ನಾನೇ ಬೈದುಕೊಳ್ಳದೆ ಎಷ್ಟೋ ದಿನದ ಮೇಲೆ ಊಟ ಮಾಡಿದೆ.

ನಿಮ್ಮವಳು

•

ಆಗಸ್ಟ್ ೨

ನನ್ನವಳೇ,

ಫಾರಂ ಕಳಿಸಬೇಡ. ದೋಣಿಯವನು ಈ ಕಾಗದ ಕೊಟ್ಟು ನಿನ್ನ ಚೀಲ ತೆಗೆದುಕೊಂಡು ಹೊರಡುವ ಮೊದಲು ಇದಿಷ್ಟನ್ನು ಓದು.

ಅವಳು ಆಡುತ್ತಿಲ್ಲ. ಕ್ಲಬ್ಬಿಗೆ ಸೇರಿದವನು ನಾನು.

ಆ ಶನಿವಾರ ಕರೆದುಕೊಂಡು ಹೋಗಿದ್ದು ನಿಜ. ಗೇಟಿನ ಹತ್ತಿರವೇ ನನ್ನ ಅಂಗಿ ಹಿಡಿದು ನಿಂತಳು. "ಊಹೂಂ" ಎಂದಳು. ಎಷ್ಟು ಪುಸಲಾಯಿಸಿದರೂ ಅದೇ ಊಹೂಂ. ಮನೆಗೆ ಬಿಟ್ಟು, ಕೆಳಗಿನ ಮನೆ ಅಜ್ಜಿಗೆ ಹೇಳಿ, ಡಾಕ್ಟರಮ್ಮನಿಗೆ ಕ್ಷಮಿಸಿ ಎನ್ನೋಣ ಎಂದು ವಾಪಸ್ ಹೋದೆ. "ಬಂದಿದ್ದೀರಲ್ಲ, ಈ ಬಲೆ ಹಿಡ್ಕೊಳ್ಳಿ" ಎಂದರು. ಹಿಡಿದುಕೊಂಡೆ. ಚೆಂಡು ಕಾಲ ಹತ್ತಿರ ಬಂತು, ಒದ್ದೆ, ದಬ್ಬೆಂದು ಬಿದ್ದೆ. ಮಕ್ಕಳು ನಕ್ಕರು ನೋಡು! ನಾನೂ ನಕ್ಕೆ. ಈ ಊರಿಗೆ ಬಂದ ಮೇಲೆ ನಾನು ಹಾಗೆ ನಕ್ಕಿರಲಿಲ್ಲ. ಆ ತರಚಿದ ಮಂಡಿ ನನ್ನದು. ಅವತ್ತಿನಿಂದ ಬಲೆ ಕಟ್ಟುತ್ತೇನೆ, ನೀರು ತುಂಬಿಡುತ್ತೇನೆ, ಪಂದ್ಯಕ್ಕೆ ಹೋಗುವಾಗ ಗೂಡ್ಸ್ ಗಾಡಿ ಓಡಿಸುತ್ತೇನೆ. ನನಗೇ ಗೆಳೆಯರಿಲ್ಲದೆ ಒಣಗಿಹೋಗಿದ್ದೆ ಅಂತ ಆಮೇಲೆ ಗೊತ್ತಾಯಿತು.

ನೀನು ಅವಳೇ ಆಡುತ್ತಿದ್ದಾಳೆ ಅಂದುಕೊಂಡೆ. ನಾನು ಹಾಗೇ ಅಂದುಕೊಳ್ಳಲು ಬಿಟ್ಟೆ. ಮುಂದಿನ ವಾರ ಹೇಗೂ ಒಪ್ಪುತ್ತಾಳೆ, ಆಗ ಸುಳ್ಳು ನಿಜವಾಗುತ್ತದೆ ಎಂದು ಆಸೆಪಟ್ಟೆ. ಅವಳು ಒಪ್ಪಲಿಲ್ಲ. ಸಂಜೆ ಕಿಟಕಿ ಹತ್ತಿರ ಕೂತು ಪುಸ್ತಕ ಓದುತ್ತಾಳೆ. ನಾನು ಹೊರಟಾಗ ತಲೆ ಎತ್ತಿ ನೋಡುತ್ತಾಳೆ, ಮತ್ತೆ ಬಗ್ಗಿಸುತ್ತಾಳೆ. ನಿನಗೆ ಎರಡು ಸಾಲು ಬರಿ ಅಂದರೆ ಬರೆಯುವುದಕ್ಕೆ ಏನೂ ಇಲ್ಲ ಎಂದಳು.

ಹಳೇ ಊರಿನ ಹೆಸರು ಬರೆದು ಕಳಿಸು. ಅಂಗಡಿಯನ್ನು ಬೇರೆಯವರಿಗೆ ವಹಿಸುತ್ತೇನೆ. ಬೈಯುವುದಿದ್ದರೆ ಬಂದ ಮೇಲೆ ಎದುರಿಗೇ ಬೈದುಬಿಡು, ಕಾಗದದಲ್ಲಿ ಬೈದರೆ ಹದಿನೈದು ದಿನ ಅದನ್ನೇ ಓದುತ್ತಾ ಕೂರಬೇಕಾಗುತ್ತದೆ.

ನಿನ್ನ ಬೆಪ್ಪುತಕ್ಕಡಿ

•

ಆಗಸ್ಟ್ ೭

ಲೇ ನನ್ನವಳೇ, ಇದನ್ನು ಮೊದಲು ಓದು! ಎರಡನೇ ತಾರೀಖಿನ ಕಾಗದವನ್ನು ಆಮೇಲೆ ಓದು!

ಕಡಲು ಒರಟಾಗಿದೆ ಎಂದು ದೋಣಿ ಹೊರಟೇ ಇಲ್ಲ. ಆ ಕಾಗದ ಇನ್ನೂ ದಡದ ಆಫೀಸಿನಲ್ಲೇ ಬಿದ್ದಿದೆ. ಓಡಿ ಹೋಗಿ ಗುಮಾಸ್ತರನ್ನು ಗೋಗರೆದೆ, ವಾಪಸ್ ಕೊಡಿ ಸಾರ್ ಎಂದು. "ಚೀಲಕ್ಕೆ ಬಿದ್ಮೇಲೆ ಅದು ನಿಮ್ದಲ್ಲಪ್ಪಾ, ನಿಮ್ಮ ಹೆಂಡ್ತೀದು" ಎಂದರು. ಹಾಗಾಗಿ ಇದೂ ಅದೇ ಚೀಲಕ್ಕೆ ಬೀಳುತ್ತದೆ.

ಕೇಳು. ಶುಕ್ರವಾರ ಸಂಜೆ ಅಂಗಡಿಗೆ ಯಾರೋ ಬಂದು ಕಾಯುತ್ತಿದ್ದಾರೆ ಎಂದು ಕೆಳಗಿನ ಮನೆ ಅಜ್ಜಿ ನನ್ನನ್ನು ಕರೆತರಲು ನಮ್ಮವಳನ್ನು ಮೈದಾನಕ್ಕೆ ಅಟ್ಟಿದ್ದಾರೆ. ಮನೆ ಕಡೆಯಿಂದ ಬರುವ ದಾರಿ ಸೇರುವುದು ಆ ದೂರದ ತುದಿಗೆ, ಗೋಲಿನ ಹಿಂದಕ್ಕೆ. ಅದೇ ಹೊತ್ತಿಗೆ ಅಲ್ಲಿ ಬನ್ನು ಕೈಗವಸು ಬಿಚ್ಚಿ ನೆಲಕ್ಕೆ ಎಸೆದು ಗೊಳೋ ಎಂದು ಅಳುತ್ತಾ ನಿಂತಿದ್ದಾಳೆ. ಹಿಂದಿನ ದಿನ ಮೂರನೇ ಪಂದ್ಯವನ್ನೂ ಅದೇ ತಪ್ಪಿನಿಂದ ಸೋತಿದ್ದೆವು. "ನಂಗೆ ಬರಲ್ಲ, ನಾನು ಬಿಟ್ಬಿಡ್ತೀನಿ" ಎನ್ನುತ್ತಿದ್ದಾಳೆ. ಡಾಕ್ಟರಮ್ಮ ಸಮಾಧಾನ ಮಾಡುತ್ತಿದ್ದಾರೆ. ನಾನು ಶೆಡ್ಡಿನ ಹತ್ತಿರ ನೀರಿನ ಡಬ್ಬ ಹಿಡಿದು ನಿಂತಿದ್ದೇನೆ.

ನಮ್ಮವಳು ಅಲ್ಲೇ ನಿಂತು ಒಮ್ಮೆ ಆ ಬಾಕ್ಸ್ ನೋಡಿದಳಂತೆ, ಒಮ್ಮೆ ಈ ಕಡೆಯದನ್ನು ನೋಡಿದಳಂತೆ. ಹೋಗಿ ಬನ್ನುವಿನ ಕೈ ಹಿಡಿದು, "ಏಯ್, ಅಳಬೇಡ, ಇದು ನಿನ್ ತಪ್ಪಲ್ಲ, ಬಾ ಇಲ್ಲಿ" ಎಂದಳಂತೆ. ಇದನ್ನು ಡಾಕ್ಟರಮ್ಮ ಆಮೇಲೆ ಹೇಳಿದ್ದು. ನಾನು ಕಂಡದ್ದು ಇಷ್ಟೇ: ಇಬ್ಬರೂ ಓಡಿ ಬಂದು ನನ್ನ ಚೀಲದಿಂದ ಬೋರ್ಡಿಗೆ ಗೆರೆ ಹಾಕುವ ದಾರ ಕಿತ್ತುಕೊಂಡು ಹೋದರು. ಆ ಬಾಕ್ಸಿಗೆ ದಾರ ಹಿಡಿದು ಗಂಟು ಹಾಕಿದರು. ಅದೇ ದಾರವನ್ನು ತಂದು ಈ ಬಾಕ್ಸಿಗೆ ಹಿಡಿದರು. ಗಂಟು ಗೆರೆ ದಾಟಿ ಎಲ್ಲೋ ಆಚೆ ಬಂದು ನಿಂತಿತು.

ಆಗ ನಮ್ಮ ಚಿನಕುರುಳಿ ಸೊಂಟದ ಮೇಲೆ ಕೈಯಿಟ್ಟು, ಇಡೀ ತಂಡದ ಎದುರು, ಅವರ ಅಪ್ಪ ಅಮ್ಮಂದಿರ ಎದುರು ಕಿರುಚಿದಳು. "ಅಪ್ಪಾ! ಏನಪ್ಪಾ ಮಾಡಿಟ್ಟಿದ್ದೀಯ? ಇದು ಬೋರ್ಡ್ ಅಲ್ಲ ಮೈದಾನ! ಆ ಕಡೇದು ಮನೆ ಅಷ್ಟು ದೊಡ್ಡದಿದೆ! ಇಷ್ಟು ದಿನ ಅದರಲ್ಲಿ ಆಡಿದ್ರೆ ಇವಳಿಗೆ ಬೇರೆ ಕಡೆ ಗೆರೆ ಹೆಂಗೆ ಗೊತ್ತಾಗುತ್ತೆ? ಒಂದ್ ಟೇಪ್ ಇರಲಿಲ್ವಾ ನಿಂಗೆ?"

ನನ್ನ ಮಾನ ಮೂರು ಕಾಸಿಗೆ ಹರಾಜಾಯಿತು. ನಿಜ ಹೇಳಲಾ? ಅವಳು ಏನು ಹೇಳುತ್ತಿದ್ದಾಳೆ ಎಂದು ಮೊದಲ ಸಲಕ್ಕೆ ನನ್ನ ತಲೆಗೇ ಹೋಗಲಿಲ್ಲ. ಅವಳ ದನಿ ಒಂದೇ ಕೇಳುತ್ತಿತ್ತು. ಎಷ್ಟು ತಿಂಗಳಾಗಿತ್ತು ಆ ದನಿ ಕೇಳಿ! ಇನ್ನೊಂದ್ಸಲ ಹೇಳು ಮಗಳೇ ಎಂದೆ. ಇನ್ನೂ ಜೋರಾಗಿ ಬೈದಳು. ನನಗೆ ಕಣ್ಣಲ್ಲಿ ನೀರು. ಬೈಸಿಕೊಂಡು ಅಳುತ್ತಿದ್ದೇನೆ ಅಂದುಕೊಂಡು ಬೇಕರಿಯವರು ಪಾಪ ನನ್ನ ಬೆನ್ನು ಸವರಿದರು.

ಶನಿವಾರ ಮಕ್ಕಳೆಲ್ಲ ಸೇರಿ ಟೇಪು ಹಿಡಿದು ಹೊಸ ಗೆರೆ ಎಳೆದರು. ಸುಣ್ಣದ ಬಕೆಟ್ ಹೊರಲು ಮಾತ್ರ ನನಗೆ ಅಪ್ಪಣೆ. ಶೆಡ್ಡಿನಿಂದ ನೋಡಿದರೆ ಆ ಕಡೆಯ ಬಾಕ್ಸ್ ಈಗ ಮತ್ತೆ ಪೀಚಲಾಗಿಯೇ ಕಾಣುತ್ತದೆ, ಕಣ್ಣು ಮುಚ್ಚಿಕೊಂಡು ಸಹಿಸಿಕೊಂಡಿದ್ದೇನೆ. ಭಾನುವಾರ ನಮ್ಮ ಮೈದಾನದಲ್ಲೇ ಕೊನೆಯ ಪಂದ್ಯ. ನಮ್ಮವಳು ಗೋಲಿನ ಹಿಂದೆ ನಿಂತು, "ಬಾ! ಬಾ! ಸಾಕು, ನಿಲ್ಲು!" ಎಂದು ಬನ್ನುವಿಗೆ ಕೂಗುತ್ತಲೇ ಇದ್ದಳು. ಹಾಗೆ ಕೂಗಬಾರದು ಎಂದು ರೆಫರಿ ಎರಡು ಸಲ ಗದರಿಸಿದರು. ಮೂರನೇ ಸಲ ಅವರೂ ನಕ್ಕುಬಿಟ್ಟರು. ಒಂದು ಗೋಲು ಅವರದು, ಒಂದು ನಮ್ಮದು. ಸಮ! ಸೋಲದೆ ಇದ್ದದ್ದು ಇದೇ ಮೊದಲು, ಗೆದ್ದವರಿಗಿಂತ ಜಾಸ್ತಿ ನಾವೇ ಕುಣಿದೆವು.

ಆದರೆ ಕೂಗಿ ಕೂಗಿ ಗಂಟಲು ಕಟ್ಟಿ, ನಮ್ಮ ಹುಡುಗಿ ಇವತ್ತು ಮತ್ತೆ "ಹೂಂ", "ಊಹೂಂ"ಗೆ ಬಂದು ನಿಂತಿದ್ದಾಳೆ. ಪಕ್ಕದಲ್ಲಿ ಕೂತು ಬನ್ನುವೇ ಅವಳ ಪಾಲಿನ ಮಾತನ್ನೂ ಆಡುತ್ತಿದ್ದಾಳೆ.

ಈಗ ನೀನೇ ನೋಡು. ಯಾವ ಊರು ಬರೆಯಬೇಕು ಎಂದು ನಾನು ಬಾಯಿ ಬಿಡುವುದಿಲ್ಲ. ಆ ಯೋಗ್ಯತೆಯನ್ನು ಕಳೆದುಕೊಂಡಿದ್ದೇನೆ.

ನಿನ್ನವನು

ಅಮ್ಮಾ, ನಾನು. ಅಪ್ಪ ಮಾಡಿದ್ದು ನೋಡಿದ್ಯಾ? ಎಲ್ಲರೂ ಚೆನ್ನಾಗಿದೆ ಚೆನ್ನಾಗಿದೆ ಅಂತಿದ್ರಂತೆ, ಒಬ್ಬರೂ ಆ ಕಡೆಗೆ ಹೋಗಿ ನೋಡಿಲ್ಲ. ನೀನಿದ್ದಿದ್ರೆ ಮೊದಲನೇ ದಿನಾನೇ ಅಳೀತಿದ್ದೆ. ಮುಂದಿನ ಸೋಮವಾರದಿಂದ ನಾನೂ ಆಡ್ತೀನಿ. ಯಾವ ಜಾಗ ಬೇಕು ಅಂದ್ರು ಡಾಕ್ಟರ್ ಆಂಟಿ. ಎಲ್ಲಾ ಕಾಣೋ ಜಾಗ ಅಂದೆ. ಹಂಗಾದ್ರೆ ಹಿಂದೆ ನಿಂತ್ಕೋ, ಬನ್ನುಗಿಂತ ಸ್ವಲ್ಪ ಮುಂದೆ ಅಂದ್ರು. ಅಮ್ಮಾ, ಅವಳು ನಿದ್ದೇಲೂ ಕೈ ಚಾಚ್ತಾಳಂತೆ. ಇನ್ನೂ ತುಂಬಾ ಹೇಳೋದಿದೆ, ಅಪ್ಪ ಜಾಗ ಬಿಟ್ಟಿಲ್ಲ ಕಾಗದದಲ್ಲಿ. ಮುಂದಿನ ಸಲ ನಂಗೇ ಬೇರೆ ಕಾಗದ ಬೇಕು.

•

ಆಗಸ್ಟ್ ೧೫

ರೀ,

ಎರಡೂ ಕಾಗದ ಒಟ್ಟಿಗೆ ಬಂದವು. ದಿನಾ ತಾರೀಖು ನೋಡಿ ನೋಡಿ ಕೆಲಸ ಮಾಡುವವಳು ನಾನು, ಯಾವುದು ಹಳೆಯದೋ ಅದನ್ನೇ ಮೊದಲು ಒಡೆದೆ. ಓದಿ ಮುಗಿಸಿ ನಿಮಗೆ ಬೈದ ಬೈಗುಳ ಆ ದಡಕ್ಕೂ ಕೇಳಿರಬೇಕು. ಅಡುಗೆಯವರು ಗಾಬರಿಯಿಂದ ಸೌಟು ಹಿಡಿದುಕೊಂಡೇ ಓಡಿ ಬಂದರು. ಮಂಡಿ ಯಾರದ್ದು ಎಂದು ಹೇಳಿದೆ. "ಆ ಮನುಷ್ಯನ ಮಂಡಿಗೆ ನಾನು ಗೋಡೆ ಮಸಿ ಮಾಡ್ಕೊಂಡ್ನಾ?" ಎಂದು ಅವರೂ ಬೈದರು.

ಫಾರಂ ತೆಗೆದೆ. ನಿಮ್ಮ ಊರಿನ ಹೆಸರನ್ನು ಹೊಡೆದುಹಾಕಿ ಹಳೇ ಊರನ್ನು ಬರೆದೆ, ಅಷ್ಟು ಸಿಟ್ಟು. ಸಾಹೇಬರ ಸಹಿಗೆ ಕೊಡುವ ಮೊದಲು ಎರಡನೆಯ ಕಾಗದ ಕಣ್ಣಿಗೆ ಬಿತ್ತು. ದೋಣಿಯವನು ಹೊರಡೋಣ ಎಂದು ಕೂಗುತ್ತಿದ್ದ, ಕಾಯಪ್ಪಾ ಎಂದೆ. ನಿಂತುಕೊಂಡು ಓದಲು ಶುರುಮಾಡಿದವಳು ಕೂತುಬಿಟ್ಟೆ. ಮಗಳ ಸಾಲುಗಳನ್ನು ಓದುವಾಗ ಪೂರ್ತಿ ಅತ್ತುಬಿಟ್ಟೆ ಕಣ್ರೀ, ನಾಚಿಕೆಯಿಲ್ಲದೆ, ದೋಣಿಯವನ ಎದುರಿಗೇ. ಅವಳ ದನಿ ಇಲ್ಲಿಗೆ ಕೇಳಿಸಿತು.

ಸುಳ್ಳು ಹೇಳಿದ್ದಕ್ಕೆ ಶಿಕ್ಷೆ ಇದ್ದೇ ಇದೆ, ಬಂದು ಕೊಡುತ್ತೇನೆ. ಆದರೆ ನನ್ನ ಒಂದು ಮಾತು ಕೇಳಿ. ಮಗಳು ಒಂಟಿಯಾಗಿದ್ದಾಳೆ ಎಂದು ನಾವಿಬ್ಬರೂ ಹೊಟ್ಟೆ ಉರಿಸಿಕೊಂಡೆವು. ನೀವೂ ಒಂಟಿಯಾಗಿದ್ದೀರಾ ಎಂದು ನಾನು ಒಂದು ಸಲವೂ ಕೇಳಲಿಲ್ಲ. ಬಲೆ ಕಟ್ಟುವುದನ್ನು ಬಿಡಬೇಡಿ.

ಫಾರಮ್ಮಿನಲ್ಲಿ ಹಳೇ ಊರನ್ನೂ ಹೊಡೆದುಹಾಕಿ ಮತ್ತೆ ನಿಮ್ಮ ಊರನ್ನೇ ಬರೆದೆ. ಈಗ ಅದು ನೋಡಲು ಡಾಕ್ಟರಮ್ಮ ಎಳೆದ ಗೆರೆಯ ಹಾಗಿದೆ. ಸಾಹೇಬರು ನೋಡಿದರು, ತಲೆ ಕೆರೆದುಕೊಂಡರು, ಸಹಿ ಹಾಕಿದರು. ಕೊನೆಯಲ್ಲಿ ಒಂದು ಕಾಲಂ ಖಾಲಿ ಉಳಿದಿತ್ತು, ಈ ಊರನ್ನೇ ಕೇಳಲು ಕಾರಣವೇನು ಎಂದು. ಎಲ್ಲರೂ ಅಲ್ಲಿ ಆರೋಗ್ಯ, ಸಂಸಾರ, ಅನುಕೂಲ ಎಂದು ಏನಾದರೂ ಬರೆಯುತ್ತಾರೆ. ನಾನು ಇದ್ದದ್ದನ್ನೇ ಬರೆದು ದೋಣಿಗೆ ಹಾಕಿದ್ದೇನೆ:

"ಆ ಊರಿನಲ್ಲಿ ನನ್ನ ಮಗಳು ಅವರಪ್ಪನಿಗೆ ಎಲ್ಲರ ಎದುರು ಜೋರಾಗಿ ಬೈಯುತ್ತಾಳೆ."

ನಿಮ್ಮವಳು